ಪಾಳುನೆಲವೂ ಪಾಠಶೋಧನೆಯೂ

ಪಟ್ಟಣದ ನಡುವೆ ಬಿದ್ದಿರುವ ಒಂದು ತುಂಡು ನೆಲವನ್ನು ತೋರಿಸಿ, ಇದು ಉಪಯೋಗವಿಲ್ಲದೆ ಬಿದ್ದಿದೆ ಎಂದು ಯಾರಾದರೂ ಹೇಳಿದರೆ, ಅದು ಕಂಡುದನ್ನು ಕಂಡಂತೆ ತಿಳಿಸುವ ಮಾತೆಂದು ನಾವು ಭಾವಿಸುತ್ತೇವೆ. ವಿಚಾರಿಸಿ ನೋಡಿದರೆ ಅದು ಒಂದು ತೀರ್ಪು. ಯಾರ ಉಪಯೋಗ, ಯಾವ ಕಾಲದ ಉಪಯೋಗ, ಯಾವ ದಿನ ನೋಡಿ ಆಡಿದ ಮಾತು ಎಂಬ ಪ್ರಶ್ನೆಗಳು ಅದರೊಳಗೆ ಅಡಗಿರುತ್ತವೆ. ಹಳೆಯ ಓಲೆಗರಿಯೊಂದನ್ನು ಕೈಗೆತ್ತಿಕೊಂಡು, ಇಲ್ಲಿ ನನಗೆ ಅರ್ಥವಾಗಲಿಲ್ಲ ಎನ್ನುವ ಬದಲು ಇಲ್ಲಿ ಅರ್ಥವಿಲ್ಲ ಎಂದು ಬರೆದುಬಿಡುವ ಅವಸರದ ಸಂಪಾದಕನಿಗೂ ಇಂಥ ತೀರ್ಪುಗಾರನಿಗೂ ಹೆಚ್ಚು ದೂರವಿಲ್ಲ.

ಈಚಿನ ವರ್ಷಗಳಲ್ಲಿ ನಗರರಚನೆಯ ಪಂಡಿತರು ಇಂಥ ನೆಲಗಳ ಜೀರ್ಣೋದ್ಧಾರವನ್ನು ಕುರಿತು ವಿಶೇಷವಾಗಿ ಬರೆಯುತ್ತಿದ್ದಾರೆ. ಅವರ ಬರಹಗಳಲ್ಲಿ ಎರಡು ವಿಶೇಷಣಗಳು ಪದೇ ಪದೇ ಬರುತ್ತವೆ: ರಚನೆಯು ನಿಸರ್ಗಪ್ರೇರಿತವಾಗಿರಬೇಕು, ಸಮುದಾಯಕೇಂದ್ರಿತವಾಗಿರಬೇಕು. ಎರಡೂ ಒಳ್ಳೆಯ ಮಾತುಗಳೇ. ಆದರೆ ಒಳ್ಳೆಯ ಮಾತುಗಳನ್ನು ಅರ್ಥನಿಶ್ಚಯವಿಲ್ಲದೆ ಬಳಸಿದರೆ ಅವು ಎಷ್ಟು ಬೇಗ ಸವೆದುಹೋಗುವುವೆಂಬುದು ಭಾಷೆಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ಈ ಪತ್ರಿಕೆಯ ವಾಚಕರಿಗೆ ತಿಳಿಯದುದಲ್ಲ. ಆದಕಾರಣ ಈ ಎರಡು ವಿಶೇಷಣಗಳನ್ನು ಅವುಗಳ ಮೂಲಪುರುಷನೆಂದು ಹೇಳಬಹುದಾದ ಒಬ್ಬ ಮಹನೀಯನ ಕೆಲಸದಲ್ಲಿಯೂ, ಬಳಿಕ ನಮ್ಮ ಬೆಂಗಳೂರಿನ ಕೆಲವು ಉದಾಹರಣೆಗಳಲ್ಲಿಯೂ ಇಟ್ಟು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕೈಬಿಟ್ಟುಹೋದ ಸಾರ್ವಜನಿಕ ನೆಲವನ್ನು ಮತ್ತೆ ಜೀವಂತಗೊಳಿಸುವ ಕಾರ್ಯವು ಕಾವ್ಯರಚನೆಗಿಂತ ಗ್ರಂಥಸಂಪಾದನೆಗೆ ಹತ್ತಿರವಾದದ್ದು. ಅದನ್ನು ಕಾವ್ಯರಚನೆಯೆಂದು ತಿಳಿದವರ ಕೈಯಲ್ಲಿಯೇ ಅದು ಹೆಚ್ಚಾಗಿ ಕೆಡುತ್ತಲಿದೆ.

ಆ ಮಹನೀಯನು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್. ಹುಟ್ಟಿದ್ದು ೧೮೫೪ರಲ್ಲಿ, ತೀರಿಕೊಂಡದ್ದು ೧೯೩೨ರಲ್ಲಿ. ಹಕ್ಸ್ಲಿಯ ಬಳಿ ಜೀವಶಾಸ್ತ್ರವನ್ನು ಕಲಿತು, ಸೂಕ್ಷ್ಮದರ್ಶಕದ ಮುಂದೆ ಬಾಳನ್ನು ಕಳೆಯಬೇಕೆಂದಿದ್ದ ಈತನಿಗೆ ೧೮೭೯ರಲ್ಲಿ ಮೆಕ್ಸಿಕೋ ದೇಶದಲ್ಲಿದ್ದಾಗ ಕೆಲಕಾಲ ಕಣ್ಣು ಕಾಣದಂತಾಯಿತು. ದೃಷ್ಟಿ ಮರಳಿ ಬಂದರೂ ಸೂಕ್ಷ್ಮದರ್ಶಕದ ಕೆಲಸಕ್ಕೆ ಒದಗದೆ ಹೋದುದರಿಂದ, ಕೋಶಗಳನ್ನು ನೋಡುವ ಅಭ್ಯಾಸವನ್ನೇ ಊರುಗಳ ಕಡೆಗೆ ತಿರುಗಿಸಿದನು. ಮುಂದೆ ೧೮೮೮ರಿಂದ ೧೯೧೯ರವರೆಗೆ ಡಂಡೀ ನಗರದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದರೂ ಅವನ ಮನಸ್ಸು ನೆಲೆಸಿದ್ದುದು ಎಡಿನ್‌ಬರೋ ನಗರದ ಹಳೆಯ ಪೇಟೆಯಲ್ಲಿ. ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ಅಲ್ಲಿನ ಜೇಮ್ಸ್ ಕೋರ್ಟ್ ಎಂಬ ಬಡವರ ವಠಾರದಲ್ಲಿಯೇ ಮನೆ ಹಿಡಿದು, ನೆರೆಯವರೊಡನೆ ಸೇರಿ ಗೋಡೆಗೆ ಸುಣ್ಣ ಬಳಿದು ಕಿಟಕಿಗಳಲ್ಲಿ ಹೂವಿನ ಗಿಡ ಇಡಿಸಿದನು. ಇದನ್ನು ಉಪಕಾರದ ಕಥೆಯಾಗಿ ಹೇಳುವವರು ಉಂಟು. ನಮಗೆ ಮುಖ್ಯವಾಗಿ ತೋರುವುದು ಬೇರೆ: ಪಾಠವನ್ನು ತಿದ್ದುವುದಕ್ಕೆ ಮುಂಚೆ ಅವನು ಆ ಪ್ರತಿಯೊಳಗೇ ವಾಸಮಾಡಿದನು.

೧೯೦೯-೧೦ರ ಸುಮಾರಿನಲ್ಲಿ ಗೆಡ್ಡೀಸನೂ ಅವನ ಸಹಾಯಕರೂ ಆ ಹಳೆಯ ಪೇಟೆಯ ಸಂದುಗೊಂದುಗಳನ್ನು ಅಳೆದು ನೋಡಿದರು. ಮನೆ ಬಿದ್ದ ನಿವೇಶನಗಳು, ಗೋಡೆಗಳ ನಡುವಿನ ಮೂಲೆಗಳು, ಕಸ ಸುರಿಯುತ್ತಿದ್ದ ಇಳಿಜಾರುಗಳು, ಇಂಥವು ೭೬ ಸಿಕ್ಕಿದುವು. ಎಲ್ಲ ಕೂಡಿ ಸುಮಾರು ೧೦ ಎಕರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದೊಂದಕ್ಕೆ ಸರಾಸರಿ ಐದು ಗುಂಟೆಗೆ ತುಸು ಮೇಲೆ. ಯಾವ ವಾಸ್ತುಶಿಲ್ಪಿಯ ಕೀರ್ತಿಗೂ ಇಷ್ಟು ಸಣ್ಣ ನೆಲ ಸಾಲದು. ಗೆಡ್ಡೀಸನ ಮಗಳು ನೋರಾ ಇವುಗಳಲ್ಲಿ ಕೆಲವನ್ನು ತೋಟಗಳನ್ನಾಗಿ ರೂಪಿಸುವ ಭಾರವನ್ನು ಹೊತ್ತಳು. ಮಕ್ಕಳು ಮಣ್ಣು ಅಗೆದರು, ನೆರೆಯವರು ನೀರು ಹೊಯ್ದರು. ಅವುಗಳಲ್ಲೊಂದು, ಕೋಟೆಯ ಕೆಳಗಿನ ಜಾನ್‌ಸ್ಟನ್ ಟೆರೇಸಿನದು, ಒಂದು ಸಣ್ಣ ವನ್ಯತೋಟವಾಗಿ ಇಂದಿಗೂ ಉಳಿದಿದೆ. ದೊಡ್ಡದೊಂದು ಉದ್ಯಾನಕ್ಕಾಗಿ ಪೇಟೆಯ ಒಂದು ಭಾಗವನ್ನು ಕೆಡವುವ ಬದಲು, ಪೇಟೆಯೊಳಗೆ ಆಗಲೇ ಇದ್ದ ಬಿಡುವುಗಳನ್ನು ಓದಿ ತೆಗೆದದ್ದು ಈ ಕೆಲಸದ ಮರ್ಮ.

ಇಂಡಿಯಾ ದೇಶಕ್ಕೆ ಗೆಡ್ಡೀಸನು ಬಂದುದು ೧೯೧೪ರಲ್ಲಿ, ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡರ ಆಹ್ವಾನದ ಮೇಲೆ. ಅವನ ನಕ್ಷೆಗಳೂ ಚಿತ್ರಗಳೂ ಬರುತ್ತಿದ್ದ ಹಡಗನ್ನು ಎಮ್ಡನ್ ಮುಳುಗಿಸಿತು. ನಮ್ಮ ಅಜ್ಜಿಯರ ಮಾತಿನಲ್ಲಿ ಗಟ್ಟಿಗರಿಗೆಲ್ಲ ಹೆಸರಾಗಿ ನಿಂತ ಆ ಎಮ್ಡನ್ನೇ. ಹೊಸದಾಗಿ ಸಾಮಗ್ರಿಯನ್ನು ಕೂಡಿಸಿಕೊಂಡು ಅವನು ಮುಂದಿನ ಕೆಲವು ವರ್ಷಗಳಲ್ಲಿ ಮದರಾಸು, ಮುಂಬಯಿ ಪ್ರಾಂತಗಳ ಊರುಗಳನ್ನೂ ಬರೋಡ, ಕಪೂರ್ಥಲ, ಬಲರಾಮಪುರ, ಇಂದೂರು ಮುಂತಾದ ಸ್ಥಳಗಳನ್ನೂ ಕುರಿತು ವರದಿಗಳನ್ನು ಬರೆದನು. ಇವುಗಳಲ್ಲಿ ೧೯೧೮ರ ಇಂದೂರಿನ ವರದಿ ಎರಡು ಸಂಪುಟಗಳಷ್ಟು ದೊಡ್ಡದು. ಅವನು ತನ್ನ ವಿಧಾನಕ್ಕೆ ಕೊಟ್ಟ ಹೆಸರನ್ನು ಸಂರಕ್ಷಕ ಶಸ್ತ್ರಚಿಕಿತ್ಸೆಯೆಂದು ಕನ್ನಡಿಸಬಹುದು. ಮೊದಲು ರೋಗಪರೀಕ್ಷೆ, ಓಣಿ ಓಣಿಯನ್ನೂ ನಡೆದು ನೋಡುವುದು. ಆಮೇಲೆ ಕತ್ತಿಯನ್ನು ಎಷ್ಟು ಕಡಮೆ ಹಾಕಿದರೆ ಸಾಕೋ ಅಷ್ಟೇ ಹಾಕುವುದು. ಬಿದ್ದುಹೋದ ಒಂದು ಮನೆಯ ಜಾಗದಲ್ಲಿ ಸಣ್ಣ ಅಂಗಳ ಬಿಡುವುದು, ಇರುವ ಮರವನ್ನು ಉಳಿಸಿ ಅದರ ಸುತ್ತ ಕೂರುವ ಕಟ್ಟೆ ಹಾಕುವುದು, ಬಾವಿಯನ್ನು ತೊಳೆಯುವುದು. ಆಗಿನ ಇಂಜಿನಿಯರುಗಳು ಹಳೆಯ ಓಣಿಗಳ ಮೇಲೆ ಅಳತೆಗೋಲಿಟ್ಟು ನೇರವಾದ ಬೀದಿಗಳನ್ನು ಎಳೆಯುತ್ತಿದ್ದುದನ್ನು ಅವನು ಕಟುವಾಗಿ ಟೀಕಿಸಿದನು. ಮಲೇರಿಯದ ಭಯದಿಂದ ಕೆರೆಕೊಳಗಳನ್ನು ಮುಚ್ಚುವುದನ್ನೂ ಒಪ್ಪಲಿಲ್ಲ. ಮೀನುಗಳೂ ಬಾತುಗಳೂ ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ, ನಲ್ಲಿಯ ನೀರು ಕೈಕೊಟ್ಟ ದಿನ ಕೆರೆಯೇ ದಿಕ್ಕು ಎಂಬುದು ಅವನ ವಾದ.

ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ವಿಧಾನ ಹೊಸತೆನಿಸದು. ಪ್ರತಿಗಳನ್ನು ಕೂಡಿಸು, ಓದು, ಪಾಠಾಂತರಗಳನ್ನು ಗುರುತುಮಾಡು, ತಿದ್ದದೆ ನಿರ್ವಾಹವಿಲ್ಲದ ಕಡೆ ಮಾತ್ರ ತಿದ್ದು, ತಿದ್ದಿದುದನ್ನು ಅಡಿಯಲ್ಲಿ ತಿಳಿಸು. ಗೆಡ್ಡೀಸನ ಮದರಾಸು ವರದಿಗಳು ಬಂದ ೧೯೧೫ರಲ್ಲಿಯೇ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು. ಅದಕ್ಕೆ ಮುಂಚೆಯೇ, ೧೮೮೬ರಿಂದ ಎಪಿಗ್ರಾಫಿಯಾ ಕರ್ಣಾಟಿಕಾ ಸಂಪುಟಗಳು ಹೊರಬರಲಾರಂಭಿಸಿದ್ದುವು. ಒಂದೇ ಕಾಲದಲ್ಲಿ ಇಬ್ಬಗೆಯ ಜನ ಎರಡು ಬಗೆಯ ಜೀರ್ಣಪತ್ರಗಳ ಮುಂದೆ ಕುಳಿತು ಒಂದೇ ಬಗೆಯ ತಾಳ್ಮೆಯನ್ನು ಕಲಿಯುತ್ತಿದ್ದರೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಗೆಡ್ಡೀಸನನ್ನು ಇಂದು ಬಹುಮಂದಿ ಓದುವುದು ೧೯೪೭ರಲ್ಲಿ ಜಾಕ್ವೆಲಿನ್ ಟಿರ್‌ವಿಟ್ ಎಂಬಾಕೆ ಆಯ್ದು ಪ್ರಕಟಿಸಿದ ಸಂಗ್ರಹದ ಮೂಲಕ. ಆಕೆಯ ಪರಿಶ್ರಮಕ್ಕೆ ನಾವು ಕೃತಜ್ಞರಾಗಿರಬೇಕು, ಸಂದೇಹವಿಲ್ಲ. ಮೂಲ ವರದಿಗಳು ದುರ್ಲಭ. ಆದರೂ ಸಂಗ್ರಹದಲ್ಲಿ ಒಂದು ದೋಷ ಉಂಟು. ಊರೂರಿನ ವಿವರಗಳನ್ನು ಕಳಚಿ ವಿಷಯವಾರು ಜೋಡಿಸಿದುದರಿಂದ, ಒಂದು ಓಣಿಯನ್ನು ಕುರಿತು ಆಡಿದ ಮಾತು ಎಲ್ಲ ಓಣಿಗಳಿಗೂ ಸೂತ್ರವಾಗಿಬಿಟ್ಟಿದೆ. ಈ ಓಣಿಯಲ್ಲಿ ಈ ಮರ ಎಂದು ಹೇಳಿದವನ ಹೆಸರಿನಲ್ಲಿ ಇಂದು ಎಲ್ಲ ಊರುಗಳಲ್ಲಿಯೂ ಒಂದೇ ನಕ್ಷೆ ಹರಡುತ್ತಿರುವುದಕ್ಕೆ ಇಂಥ ಓದೂ ಒಂದು ಕಾರಣವಿರಬಹುದು.

ಇನ್ನು ನಿಸರ್ಗಪ್ರೇರಿತವೆಂಬ ವಿಶೇಷಣ. ಪ್ರೇರಣೆ ಬೇರೆ, ಅನುಕರಣ ಬೇರೆ. ನಮ್ಮ ಊರುಗಳ ಉದ್ಯಾನಗಳಲ್ಲಿ ಸಿಮೆಂಟಿನಿಂದ ಮಾಡಿ ಕಂದುಬಣ್ಣ ಬಳಿದ ಮರದ ಬೊಡ್ಡೆಯ ಆಸನಗಳನ್ನು ಯಾರು ನೋಡಿಲ್ಲ? ಗಂಟುಗಳೂ ತೊಗಟೆಯ ಗೀರುಗಳೂ ಅದರಲ್ಲಿ ಸೊಗಸಾಗಿ ಮೂಡಿರುತ್ತವೆ. ಬೇಸಗೆಯ ಮಧ್ಯಾಹ್ನ ಅದರ ಮೇಲೆ ಕುಳಿತವನು ಮಾತ್ರ ಬೇಗನೆ ಎದ್ದುಬಿಡುತ್ತಾನೆ. ಇದು ಶಬ್ದಾಲಂಕಾರದ ಮಟ್ಟದ ನಿಸರ್ಗ. ಪ್ರಾಸ ಕೂಡಿತು, ಅರ್ಥ ಕೂಡಲಿಲ್ಲ.

ಇದಕ್ಕಿಂತ ಗಂಭೀರವಾದ ತಪ್ಪು ಕೆರೆಗಳ ಜೀರ್ಣೋದ್ಧಾರದಲ್ಲಿ ಕಂಡುಬರುತ್ತದೆ. ನಮ್ಮ ಬಯಲುಸೀಮೆಯ ಕೆರೆ ಒಂದು ಕಡೆ ಏರಿ, ಮಿಕ್ಕ ಕಡೆಗಳಲ್ಲಿ ಮೆಲ್ಲಗೆ ಇಳಿಯುವ ನೆಲ, ಹೀಗೆ ಕಟ್ಟಿದ ಸೃಷ್ಟಿ. ಮಳೆಗಾಲದಲ್ಲಿ ನೀರು ಅಂಚಿನವರೆಗೆ ಹಬ್ಬುತ್ತದೆ, ಬೇಸಗೆಯಲ್ಲಿ ಹಿಂದಕ್ಕೆ ಸರಿಯುತ್ತದೆ. ಸರಿದ ಅಂಚಿನಲ್ಲಿ ಹುಲ್ಲು ಬೆಳೆಯುತ್ತದೆ, ದನ ಮೇಯುತ್ತದೆ, ಕೆಸರಿನಲ್ಲಿ ಕೊಕ್ಕರೆಗಳೂ ಉಲ್ಲಂಕಿಗಳೂ ಕಾಲಿಟ್ಟು ಮೇವು ಹುಡುಕುತ್ತವೆ. ಆಳವಿಲ್ಲದ ಈ ಅಂಚೇ ಕೆರೆಯ ಜೀವ. ಬೆಂಗಳೂರಿನ ಎಷ್ಟೋ ಕೆರೆಗಳ ಉದ್ಧಾರಕಾರ್ಯದಲ್ಲಿ ಈ ಅಂಚನ್ನು ಅಗೆದು, ಸುತ್ತಲೂ ಒಂದೇ ಎತ್ತರದ ದಿಬ್ಬ ಹಾಕಿ, ದಿಬ್ಬದ ಮೇಲೆ ವಾಯುವಿಹಾರಕ್ಕೆ ದಾರಿ ಮಾಡಿ, ಕೆರೆಯನ್ನು ಒಂದು ಬೋಗುಣಿಯ ಆಕಾರಕ್ಕೆ ತಂದರು. ವರ್ಷದ ಹನ್ನೆರಡು ತಿಂಗಳೂ ನೀರು ನಿಂತಿರಬೇಕು, ದಡ ಎಲ್ಲ ಕಡೆಯೂ ಸಮವಾಗಿರಬೇಕು ಎಂಬುದು ಚಿತ್ರಪಟದ ಸೌಂದರ್ಯ. ಓಲೆಯ ಅಂಚಿನಲ್ಲಿ ಹಿಂದಿನವರು ಬರೆದಿದ್ದ ಟಿಪ್ಪಣಿಗಳನ್ನು ಕೊಳೆಯೆಂದು ಕತ್ತರಿಸಿ, ಗರಿಗಳನ್ನು ಒಂದೇ ಅಳತೆಗೆ ತಂದು ಕಟ್ಟಿಟ್ಟ ಹಾಗೆ.

ನಿಸರ್ಗದಿಂದ ರಚನಾಕಾರನು ಕಲಿಯಬೇಕಾದುದು ಆಕಾರವನ್ನಲ್ಲ, ಋತುವನ್ನು. ಜರ್ಮನಿಯಿಂದ ಬಂದು ಬರೋಡದಲ್ಲಿ ಕೆಲಸಮಾಡಿ, ೧೯೦೮ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದ ಕೃಂಬಿಗೆಲ್ಲರು ಇದನ್ನು ಬಲ್ಲವರು. ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಮತ್ತೊಂದು ಅರಳುವಂತೆ ಬೀದಿಮರಗಳನ್ನು ಆರಿಸಿ ನೆಡುವ ಕ್ರಮಕ್ಕೆ ಅವರ ಹೆಸರು ಕೂಡಿಕೊಂಡಿದೆ. ಹೀಗೆ ನೆಟ್ಟ ಮರಗಳಲ್ಲಿ ಅನೇಕವು ಪರದೇಶದವು ಎಂದು ಈಗಿನ ಕೆಲವರು ಆಕ್ಷೇಪಿಸುತ್ತಾರೆ. ಗುಲ್‌ಮೊಹರು ಮಡಗಾಸ್ಕರಿನದು, ಜಕರಂಡ ದಕ್ಷಿಣ ಅಮೆರಿಕದ್ದು, ನಿಜ. ಆದರೆ ಪರಭಾಷೆಯಿಂದ ಬಂದ ಶಬ್ದಗಳನ್ನೆಲ್ಲ ಕಿತ್ತೆಸೆದು ಅಚ್ಚಗನ್ನಡವನ್ನು ಉಳಿಸಿಕೊಳ್ಳಹೊರಟವರ ಪಾಡು ನಮಗೆ ಗೊತ್ತೇ ಇದೆ. ಒಂದು ಬೀದಿಯ ಮಕ್ಕಳು ನೂರು ವರ್ಷ ಯಾವ ಮರದ ಹೂವನ್ನು ಆಯ್ದು ಆಡಿದ್ದಾರೋ ಅದು ತದ್ಭವವಾಗಿಬಿಟ್ಟಿದೆ.

ನಾವು ಬಳಸುವ ಶಬ್ದಗಳನ್ನೇ ಸ್ವಲ್ಪ ಪರಿಶೀಲಿಸೋಣ. ಈ ವಿಷಯದಲ್ಲಿ ಭಾಷೆಯು ನಕ್ಷೆಗಿಂತ ಹೆಚ್ಚು ಪ್ರಾಮಾಣಿಕವಾದ ಸಾಕ್ಷಿ. ಕಟ್ಟೆ ಎಂಬುದು ಕಟ್ಟು ಎಂಬ ಧಾತುವಿನಿಂದ ಬಂದದ್ದು. ನೀರನ್ನು ಹಿಡಿದ ಏರಿಗೂ ಕಟ್ಟೆ, ಅರಳಿಯ ಮರದ ಸುತ್ತಿನ ಜಗಲಿಗೂ ಕಟ್ಟೆ. ಒಂದು ನೀರನ್ನು ನಿಲ್ಲಿಸುತ್ತದೆ, ಇನ್ನೊಂದು ಜನರನ್ನು. ಉದ್ಯಾನವೆಂಬುದು ಸಂಸ್ಕೃತದಲ್ಲಿ ಹೊರಕ್ಕೆ ಹೋಗುವುದೆಂಬ ಅರ್ಥದಿಂದ ಹುಟ್ಟಿದ್ದು; ಮಹಾಕಾವ್ಯಗಳ ಅಷ್ಟಾದಶವರ್ಣನೆಗಳಲ್ಲಿ ಸೇರಿ, ಅರಸುಮಕ್ಕಳ ವನವಿಹಾರಕ್ಕೂ ಜಲಕ್ರೀಡೆಗೂ ರಂಗವಾಯಿತು. ಪಾರ್ಕು ಎಂಬ ಇಂಗ್ಲಿಷ್ ಶಬ್ದಕ್ಕೆ ಮೊದಲಿದ್ದ ಅರ್ಥ ಬೇಟೆಯ ಮೃಗಗಳನ್ನು ಸಾಕಲು ರಾಜಾನುಜ್ಞೆಯಿಂದ ಬೇಲಿಹಾಕಿದ ಆವರಣ. ಕಟ್ಟೆಯಲ್ಲಿ ಕೂಡುವುದು, ಉದ್ಯಾನಕ್ಕೆ ಹೋಗುವುದು, ಪಾರ್ಕನ್ನು ಮುಚ್ಚುವುದು ಎಂದು ಕ್ರಿಯಾಪದಗಳನ್ನು ಹೊಂದಿಸಿ ನೋಡಿದರೆ, ಇಂದಿನ ನಮ್ಮ ಸಾರ್ವಜನಿಕ ಸ್ಥಳಗಳು ಯಾವ ಶಬ್ದದ ವಂಶಕ್ಕೆ ಸೇರಿದುವೆಂಬುದು ತಿಳಿಯುತ್ತದೆ. ಬೆಂಗಳೂರಿನ ನಗರಾಡಳಿತಕ್ಕೆ ಸೇರಿದ ಅನೇಕ ಉದ್ಯಾನಗಳು ಬಹುಕಾಲ ಬೆಳಗ್ಗೆಯೂ ಸಂಜೆಯೂ ತೆರೆದಿದ್ದು, ನೆರಳು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ನಡುಹಗಲಿನಲ್ಲಿ ಬೀಗ ಹಾಕಿಕೊಂಡಿರುತ್ತಿದ್ದುವು. ವಾಯುವಿಹಾರಕ್ಕೆ ಬರುವವರಿಗೆ ಅವು ಉಪಯುಕ್ತ. ಬಿಸಿಲಿನಲ್ಲಿ ತರಕಾರಿಯ ಗಾಡಿ ತಳ್ಳಿಬಂದು ಅರೆಗಳಿಗೆ ತಲೆ ಒರಗಿಸಬೇಕೆಂದಿದ್ದವನಿಗೆ ಬರಿಯ ಕಬ್ಬಿಣದ ಬೇಲಿ. ಬೆಳಗಿನ ೫ ಗಂಟೆಯಿಂದ ರಾತ್ರಿ ೧೦ ಗಂಟೆಯವರೆಗೆ ತೆರೆದಿಡಬೇಕೆಂಬ ಆಜ್ಞೆ ಹೊರಟದ್ದು ೨೦೨೪ರಲ್ಲಿ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಖರಾಬು ಎಂಬ ಶಬ್ದ. ಅರಬ್ಬಿಯಲ್ಲಿ ಅದಕ್ಕೆ ಹಾಳಾದುದೆಂದು ಅರ್ಥ. ನಮ್ಮ ಕಂದಾಯದ ಲೆಕ್ಕಗಳಲ್ಲಿ ಖರಾಬು ಎರಡು ಬಗೆ. ಸಾಗುವಳಿಗೆ ಬಾರದ ನೆಲ ‘ಅ’ ಖರಾಬು. ರಸ್ತೆ, ಕಾಲುದಾರಿ, ಜನರು ಬಳಸುವ ಕೆರೆ ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟು, ಅದೇ ಕಾರಣದಿಂದ ಕಂದಾಯ ಕಟ್ಟದ ನೆಲ ‘ಬ’ ಖರಾಬು. ಎಂದರೆ, ಎಲ್ಲರಿಗೂ ಉಪಯೋಗವಾಗುವ ನೆಲಕ್ಕೇ ಹಾಳೆಂದು ಹೆಸರು! ಬೊಕ್ಕಸಕ್ಕೆ ಏನನ್ನೂ ತಾರದುದು ನಿರುಪಯುಕ್ತವೆಂಬ ಸಿದ್ಧಾಂತ ಒಂದು ಅಕ್ಷರದಲ್ಲಿ ಅಡಕವಾಗಿದೆ. ಗುಂಡುತೋಪುಗಳ ಗತಿಯನ್ನು ನೋಡಿದರೆ ಇದರ ಫಲ ಗೊತ್ತಾಗುತ್ತದೆ. ತೋಪು ವರ್ಷದ ಬಹುಭಾಗ ಬರಿದಾಗಿ ಕಾಣುವುದು ಸಹಜ. ಜಾತ್ರೆಯ ವಾರ ಅಲ್ಲಿ ಗಾಡಿ ಬಿಡಲು ಜಾಗ ಸಿಕ್ಕದು. ಅಳತೆಗಾರನು ಬಂದ ದಿನ ಜಾತ್ರೆಯಿರಲಿಲ್ಲ.

ಸಂಪಂಗಿ ಕೆರೆ ಇದಕ್ಕೆ ಒಳ್ಳೆಯ ನಿದರ್ಶನ. ಬೆಂಗಳೂರಿನ ಪೇಟೆಗೂ ದಂಡಿಗೂ ನಡುವೆ ಇದ್ದ ಈ ಕೆರೆಯನ್ನು ಆಶ್ರಯಿಸಿ ತೋಟಗಾರರೂ ಇಟ್ಟಿಗೆ ಸುಡುವವರೂ ದನಕಾಯುವವರೂ ಬಾಳುತ್ತಿದ್ದರು. ಅವರವರ ಬೇಡಿಕೆ ಒಂದಕ್ಕೊಂದು ವಿರೋಧವಾಗಿದ್ದದ್ದೂ ಉಂಟು: ಒಬ್ಬನಿಗೆ ನೀರು ಬೇಕು, ಒಬ್ಬನಿಗೆ ಒಣಗಿದ ಮಣ್ಣು ಬೇಕು. ಕ್ರಮೇಣ ನೀರು ಬತ್ತಿ, ಕೆರೆಯ ಅಂಗಳ ಆಟದ ಬಯಲಾಗಿ, ಕೊನೆಗೆ ಕಂಠೀರವ ಕ್ರೀಡಾಂಗಣ ಎದ್ದಿತು. ಧರ್ಮಾಂಬುಧಿಯು ಬಸ್ಸು ನಿಲ್ದಾಣವಾದಂತೆಯೇ ಇದೂ ಆಯಿತೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಸಂಪಂಗಿಯಲ್ಲಿ ಒಂದು ಚಿಕ್ಕ ಕೊಳ ಉಳಿದಿದೆ, ಉಳಿಸಿದುದು ಕರಗ. ಚೈತ್ರದಲ್ಲಿ ನಡೆಯುವ ಆ ಉತ್ಸವದ ವಿಧಿಗಳಿಗೆ ಸಂಪಂಗಿಯ ನೀರು ಬೇಕು. ಗ್ರಂಥವೆಲ್ಲ ನಷ್ಟವಾಗಿ, ಯಾರೋ ಲಕ್ಷಣಕಾರನು ಉದಾಹರಿಸಿದ್ದರಿಂದ ಒಂದೇ ಪದ್ಯ ಉಳಿದ ಕವಿಗಳು ನಮ್ಮಲ್ಲಿ ಇದ್ದಾರೆ. ಈ ಕೊಳದ ಉಳಿವೂ ಅದೇ ತೆರನಾದದ್ದು.

ಸಮುದಾಯಕೇಂದ್ರಿತವೆಂಬ ಎರಡನೆಯ ವಿಶೇಷಣಕ್ಕೆ ಬರುವಾಗ ನಾವು ಹಿಡಿದು ಬಂದ ಉಪಮಾನದ ಮೇಲೆಯೇ ಸಂದೇಹ ತಾಳಬೇಕಾಗುತ್ತದೆ. ಗೆಡ್ಡೀಸನು ನಮ್ಮ ಬಾವಿಕಟ್ಟೆಗಳನ್ನೂ ಕೊಳಗಳನ್ನೂ ಮೆಚ್ಚಿ ಬರೆದನು. ಆ ನೀರನ್ನು ಮುಟ್ಟಬಾರದವರೆಂದು ದೂರ ನಿಲ್ಲಿಸಲ್ಪಟ್ಟವರ ಸಂಗತಿ ಆ ಮೆಚ್ಚಿಕೆಯಲ್ಲಿ ಸಾಕಷ್ಟು ಇಳಿದಿಲ್ಲ. ಕೊಂಕಣದ ಮಹಾಡದಲ್ಲಿ ಚವದಾರ ಕೆರೆಯು ಸಾರ್ವಜನಿಕವಾದದ್ದೇ. ಸಾರ್ವಜನಿಕ ಬಾವಿ ಕೆರೆಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿಯ ಶಾಸನಸಭೆ ೧೯೨೩ರಲ್ಲಿ ನಿರ್ಣಯಿಸಿತ್ತು. ಆದರೂ ೧೯೨೭ರ ಮಾರ್ಚ್ ೨೦ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಆ ನೀರನ್ನು ಕುಡಿಯಬೇಕಾಯಿತು. ಕುಡಿದವರ ಮೇಲೆ ಹಲ್ಲೆಯಾಯಿತು. ಕೆರೆಯನ್ನು ಶುದ್ಧಿ ಮಾಡುವ ಶಾಸ್ತ್ರವೂ ನಡೆಯಿತು. ನ್ಯಾಯಾಲಯಗಳಲ್ಲಿ ವಿವಾದ ಮುಗಿದದ್ದು ೧೯೩೭ರಲ್ಲಿ. ಕನ್ನಡನಾಡಿನ ಊರುಗಳಲ್ಲಿಯೂ ಬಾವಿಗಳು ಬೇರೆ ಬೇರೆಯಾಗಿದ್ದುದನ್ನು ವಾಚಕರು ಬಲ್ಲರು. ಅರಳಿಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರು ಕೆಳಗೆ ನಿಲ್ಲುತ್ತಿದ್ದರು ಎಂಬುದನ್ನು ಮರೆತು ಕಟ್ಟೆಯ ಸಂಸ್ಕೃತಿಯನ್ನು ಹೊಗಳುವವರು ಅರ್ಧ ಓಲೆಯನ್ನು ಮಾತ್ರ ಓದಿದವರು.

ಇದನ್ನು ಅಪಪಾಠವೆಂದೋ ಪ್ರಕ್ಷಿಪ್ತವೆಂದೋ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಲಿಪಿಕಾರನ ತಪ್ಪಾಗಿದ್ದರೆ ಸಂಪಾದಕನು ತಿದ್ದಬಹುದು. ಇದು ಮೂಲದಲ್ಲಿಯೇ ಇದ್ದದ್ದು. ಗ್ರಂಥದ ಸಂಪಾದಕನಿಗೆ ಕವಿಯ ಅಭಿಪ್ರಾಯವನ್ನು ಮೀರುವ ಅಧಿಕಾರವಿಲ್ಲ. ಊರಿನ ನೆಲವನ್ನು ತಿದ್ದುವವನು ಇಲ್ಲಿ ಅದನ್ನು ಮೀರಲೇಬೇಕು. ನಮ್ಮ ಹೋಲಿಕೆ ಇಷ್ಟು ದೂರ ಬಂದು ನಿಲ್ಲುತ್ತದೆ. ಹಾಗೆಂದು ಹೋಲಿಕೆ ವ್ಯರ್ಥವಾಯಿತೆಂದಲ್ಲ. ಓದಿದವನಿಗೆ ಮಾತ್ರ ಎಲ್ಲಿ ಮೀರಬೇಕೆಂಬುದು ತಿಳಿಯುತ್ತದೆ. ಓದದೆ ಕೆಡವಿದವನು ಹಳೆಯ ಬಹಿಷ್ಕಾರವನ್ನು ತಿಳಿಯದೆಯೇ ಹೊಸ ಬೇಲಿಯಲ್ಲಿ ಮತ್ತೆ ಬರೆಯುತ್ತಾನೆ. ದನಗಳಿಗೆ ಪ್ರವೇಶವಿಲ್ಲ, ಬಟ್ಟೆ ಒಗೆಯಕೂಡದು, ಮಲಗಕೂಡದು ಎಂದು ಉದ್ಯಾನದ ಬಾಗಿಲಲ್ಲಿ ತೂಗುಹಾಕುವ ಹಲಗೆಗಳನ್ನು ಒಬ್ಬ ಶಾಸನಪರಿಶೋಧಕನ ಕಣ್ಣಿನಿಂದ ಓದಿದರೆ, ನಿಷೇಧಗಳ ಪಟ್ಟಿಯು ಹಿಂದಿನ ಬಳಕೆಗಳ ಪಟ್ಟಿಯೇ ಆಗಿರುವುದು ಕಾಣುತ್ತದೆ. ಯಾರೂ ಮಾಡದ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ.

ಇಂದೂರಿನಲ್ಲಿ ಗೆಡ್ಡೀಸನು ನಡೆಸಿದ ಮೆರವಣಿಗೆಯ ವೃತ್ತಾಂತ ಪ್ರಸಿದ್ಧವಾದದ್ದು. ಊರಿನಲ್ಲಿ ಪ್ಲೇಗಿನ ಭಯ. ದೀಪಾವಳಿಯ ಮೆರವಣಿಗೆಯು ಹಿಂದಿನಿಂದ ಬಂದ ಹಾದಿಯಲ್ಲಿ ಹೋಗದೆ, ಯಾವ ಬೀದಿಯವರು ತಮ್ಮ ಮನೆಗಳನ್ನೂ ಬೀದಿಯನ್ನೂ ಚೆನ್ನಾಗಿ ತೊಳೆದು ರಿಪೇರಿ ಮಾಡಿರುವರೋ ಆ ಬೀದಿಗಳಲ್ಲಿ ಹೋಗುವುದೆಂದು ಸಾರಿಸಿದನು. ಜನ ಪೈಪೋಟಿಯಿಂದ ಊರನ್ನು ಗುಡಿಸಿದರು. ಕೊಳೆಯ ರಾಕ್ಷಸನನ್ನೂ ಪ್ಲೇಗಿನ ಇಲಿಯನ್ನೂ ಬೊಂಬೆಮಾಡಿ ಮೆರೆಸಿ ಸುಟ್ಟರು. ತುಳಸಿಯ ಸಸಿಗಳನ್ನು ಹಂಚಿದರು. ನಾಟಕೀಯವೆಂದು ಕೆಲವರು ಮೂಗು ಮುರಿಯಬಹುದು. ಆದರೆ ಜನರಿಗೆ ಆಗಲೇ ತಿಳಿದಿದ್ದ ಛಂದಸ್ಸಿನಲ್ಲಿಯೇ ಹೊಸ ಮಾತನ್ನು ಹೇಳಿದ ಈ ಜಾಣತನ ಇಂದಿನ ಎಷ್ಟೋ ಸಮಾಲೋಚನಾಸಭೆಗಳಲ್ಲಿ ಇಲ್ಲ. ನಕ್ಷೆ ಮುಗಿದ ಮೇಲೆ ಜನರನ್ನು ಕರೆದು ಬಣ್ಣದ ಚಿತ್ರಗಳನ್ನು ತೋರಿಸಿ ಒಪ್ಪಿಗೆ ಕೇಳುವುದು, ಗ್ರಂಥ ಅಚ್ಚಾದ ಮೇಲೆ ಪ್ರತಿಗಳನ್ನು ಹುಡುಕಿದ ಹಾಗೆ. ಅವನ ವರದಿಗಳ ಬಹುಭಾಗ ಕಾಗದದಲ್ಲಿಯೇ ಉಳಿಯಿತೆಂಬುದನ್ನೂ ಹೇಳಬೇಕು. ಸಂಸ್ಥಾನದ ಅರಸರ ಒಲವನ್ನು ನಂಬಿದ ಕೆಲಸಕ್ಕೆ ಅದು ಸಹಜವಾದ ಗತಿ.

ಅರಸರಿಲ್ಲದ ಕಾಲದ ಒಂದು ಉದಾಹರಣೆ ಬೆಂಗಳೂರಿನ ಆಗ್ನೇಯದಲ್ಲಿ ಸರ್ಜಾಪುರದ ರಸ್ತೆಯ ಪಕ್ಕದ ಕೈಕೊಂಡ್ರಹಳ್ಳಿ ಕೆರೆ. ಸುಮಾರು ೪೮ ಎಕರೆಯ ಈ ಕೆರೆಯು ನೀರು ಬತ್ತಿ, ಕೊಳಚೆ ಸೇರಿ ಹಾಳಾಗಿತ್ತು. ೨೦೦೯ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೂ ನೆರೆಯ ನಿವಾಸಿಗಳೂ ಕೂಡಿ ಅದನ್ನು ಉದ್ಧರಿಸಿದರು. ಇದರಲ್ಲಿ ತೊಡಗಿದ್ದ ಪರಿಸರವಿಜ್ಞಾನಿ ಹರಿಣಿ ನಾಗೇಂದ್ರರು ಬೆಂಗಳೂರಿನ ನಿಸರ್ಗವನ್ನು ಕುರಿತು ೨೦೧೬ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವು, ಹಳೆಯ ದಾಖಲೆಗಳನ್ನೂ ಮುದುಕರ ನೆನಪುಗಳನ್ನೂ ಕೂಡಿಸಿ ಊರನ್ನು ಓದುವ ಕ್ರಮಕ್ಕೆ ಮೇಲ್ಪಂಕ್ತಿಯಾಗಿದೆ. ಈ ಕೆರೆಯ ವಿಶೇಷವೇನೆಂದರೆ, ವಾಯುವಿಹಾರದ ದಾರಿಯ ಜೊತೆಗೆ ದನಗಳಿಗೆ ಹುಲ್ಲು ಕೊಯ್ಯುವವರಿಗೂ ಪಕ್ಕದ ಸರಕಾರಿ ಶಾಲೆಯ ಮಕ್ಕಳಿಗೂ ಎಡೆ ಉಳಿಯಿತು; ಬಯಲು ರಂಗವೊಂದಾಯಿತು; ಗಣೇಶನನ್ನು ವಿಸರ್ಜಿಸಲು ಬೇರೆ ಕಲ್ಯಾಣಿ ಆಯಿತು. ಅಂದರೆ ಹಿಂದಿನ ಪಾಠಗಳಲ್ಲಿ ಕೆಲವನ್ನಾದರೂ ಉಳಿಸಿಕೊಂಡು ಹೊಸದನ್ನು ಸೇರಿಸಿದರು. ಸುತ್ತ ಎದ್ದ ಎತ್ತರದ ಮನೆಗಳವರ ರುಚಿಗೂ ಹಳೆಯ ಹಳ್ಳಿಯವರ ಅಗತ್ಯಕ್ಕೂ ತಿಕ್ಕಾಟವೇ ಇಲ್ಲವೆಂದು ಹೇಳುವುದು ಭೋಳೆತನ. ತಿಕ್ಕಾಟ ನಡೆಯುವುದಕ್ಕೆ ಇಬ್ಬರೂ ಅಲ್ಲಿ ಇರಬೇಕಷ್ಟೆ. ಎಷ್ಟೋ ಕೆರೆಗಳಲ್ಲಿ ಒಬ್ಬರೇ ಉಳಿದಿದ್ದಾರೆ.

ಮತ್ತೊಂದು ಸಂಗತಿ, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಉದ್ಘಾಟನೆಯ ಮಾರನೆಯ ದಿನದ್ದು. ಕೆರೆಯ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಶಬ್ದಗಳು ಪರಿಚಿತ. ಕೆರೆಯನ್ನು ಕಟ್ಟಿಸಿದುದನ್ನು ಹೇಳಿ ಸುಮ್ಮನಾಗದೆ, ಅದು ಕೆಡದಂತೆ ನೋಡಿಕೊಳ್ಳುವುದಕ್ಕೆ ಯಾವ ನೆಲದ ಹುಟ್ಟುವಳಿ, ಹೂಳು ಹೊರುವ ಬಂಡಿಗೆ ಏನು ದತ್ತಿ ಎಂಬುದನ್ನೂ ಕಲ್ಲಿನಲ್ಲಿ ಕೆತ್ತಿಸಿದರು. ತೂಬನ್ನು ಎತ್ತಿ ಇಳಿಸುವ ನೀರುಗಂಟಿಗೆ ಬೆಳೆಯಲ್ಲಿ ಪಾಲು ಇರುತ್ತಿತ್ತು. ರಚನೆ ಒಂದು ಸಲದ್ದು, ರಕ್ಷಣೆ ದಿನದಿನದ್ದು ಎಂಬ ತಿಳಿವಳಿಕೆ ಆ ಶಾಸನಗಳ ಗದ್ಯದಲ್ಲಿಯೇ ಇದೆ. ಇಂದಿನ ಜೀರ್ಣೋದ್ಧಾರದ ಅಮೃತಶಿಲೆಗಳಲ್ಲಿ ಉದ್ಘಾಟಕರ ಹೆಸರೂ ಅಧ್ಯಕ್ಷತೆ ವಹಿಸಿದವರ ಹೆಸರೂ ತಾರೀಖೂ ಇರುತ್ತವೆ. ಹೂಳೆತ್ತುವ ಬಂಡಿಯ ಮಾತಿಲ್ಲ. ಕೈಕೊಂಡ್ರಹಳ್ಳಿಯಲ್ಲಿ ನೆರೆಯವರದೇ ಒಂದು ವಿಶ್ವಸ್ತಮಂಡಲಿಯು ಕೆರೆಯನ್ನು ನೋಡಿಕೊಳ್ಳುವ ಹೊಣೆಯಲ್ಲಿ ಪಾಲುಗೊಂಡಿತು. ಕಾವಲುಗಾರನ ಸಂಬಳ, ಗಿಡಗಳ ನೀರು, ಒಡೆದ ಕೊಳಚೆಯ ಕೊಳವೆಯ ಬಗ್ಗೆ ಕಚೇರಿಗೆ ಅಲೆದಾಟ, ಈ ಬಗೆಯ ಕೆಲಸಗಳಿಗೆ ಚಿತ್ರಪಟವಿಲ್ಲ, ಬಹುಮಾನವಿಲ್ಲ. ಮೇಲಿನ ಊರಿನಿಂದ ಹರಿದುಬರುವ ನೀರು ಪ್ರತಿ ಮಳೆಗಾಲದಲ್ಲಿಯೂ ಹೂಳನ್ನೂ ಕೊಳಚೆಯನ್ನೂ ತರುತ್ತಲೇ ಇರುತ್ತದೆ. ಅದನ್ನು ಎತ್ತಿ ಹಾಕುವವರಿಗೆ ಹುಟ್ಟುವಳಿ ಯಾವುದೆಂಬುದನ್ನು ನಮ್ಮ ಹೊಸ ಶಾಸನಗಳು ಇನ್ನೂ ಬರೆದಿಲ್ಲ.